ಕೆಂಪು ಚುಕ್ಕಿ ಬಿದ್ದ ಮರಗಳು

"ಗಗನಾ, ನನ್ನ ಮರ ಹೋಯ್ತು ಮಾರಾಯ್ತಿ!"

ಫೋನಿನಲ್ಲಿ ಮೇಗುಂದದ ರಾಧಮ್ಮ. ಬೆಳಗಿನ ಕಾಫಿ ಇನ್ನೂ ಗಗನಾಳ ಕೈಯಲ್ಲೇ ಇತ್ತು.

"ಯಾವ ಮರ ರಾಧಕ್ಕ?"

"ಇನ್ಯಾವುದು? ಆ ಮರ! ಗರಗಸ ಹಾಕಿ ಕುಯ್ದು, ಬೇರನ್ನೂ ಬಿಡದೆ ಅಗೆದುಕೊಂಡು ಹೋಗಿದಾರೆ. ನಾಯಿ ಬೊಗಳಿದ್ದೂ ಕೇಳ್ಲಿಲ್ಲ. ನಾನು ಜಾಗ ಹೇಳಿದ್ದು ನಿನಗೊಬ್ಬಳಿಗೇ ಅಲ್ವೇನೆ? ನನ್ನ ಒಡಹುಟ್ಟಿದ ತಮ್ಮನಿಗೂ ಹೇಳಿರಲಿಲ್ಲ!"

ಗಗನಾ ಲೋಟ ಕೆಳಗಿಟ್ಟಳು. ಎದುರಿನ ಲ್ಯಾಪ್‌ಟಾಪಿನಲ್ಲಿ ರಾಧಮ್ಮನ ತೋಟ ಹಸಿರಾಗಿ ಹರಡಿಕೊಂಡಿತ್ತು. ಅದರ ಮೂಲೆಯಲ್ಲಿ, ಹಲಸಿನ ಮರದ ಮಗ್ಗುಲಿಗೆ, ನಿನ್ನೆ ಮಧ್ಯಾಹ್ನ ಗಗನಾಳೇ ಇಟ್ಟ ಕೆಂಪು ಚುಕ್ಕಿ. ಚುಕ್ಕಿ ಇದೆ. ಮರ ಇಲ್ಲ.

ಇದು ಮೂರನೆಯದು.

ಮೊದಲು ಕೊಪ್ಪದ ಪಕ್ಕದ್ದೊಂದು ತೋಟ. ಆಮೇಲೆ ಶೃಂಗೇರಿ ಕಡೆಯದು. ಅಲ್ಲಿ ಅಡ್ಡ ಬಂದ ಕಾವಲುಗಾರನ ತಲೆಗೆ ಕೊಡಲಿ ಕಾವಿನಿಂದ ಹೊಡೆದಿದ್ದರು. ಅವನಿನ್ನೂ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದ. ಈಗ ಮೇಗುಂದ. ಗಗನಾ ಚುಕ್ಕಿ ಇಟ್ಟ ಗಂಧದ ಮರಗಳು ಒಂದೊಂದಾಗಿ ಬರೀ ಗುಂಡಿಯಾಗುತ್ತಿದ್ದವು. ತನ್ನ ಬೆರಳೇ ಮರಗಳಿಗೆ ಮುಳುವಾಯಿತೇ ಎಂದು ಅವಳಿಗೆ ಭಯವಾಗತೊಡಗಿತ್ತು.

"ಯಾರದೇ ಫೋನು?" ಅಡುಗೆಮನೆಯಿಂದ ತಾಯಿ ಅನ್ನಮ್ಮ ಕೇಳಿದರು.

"ಮೇಗುಂದದ್ದೂ ಹೋಯ್ತಂತೆ ಅಮ್ಮ."

ಅನ್ನಮ್ಮ ಸೌಟು ಹಿಡಿದುಕೊಂಡೇ ಬಂದವರು, ಮೊದಲು ಮಾಡಿದ ಕೆಲಸವೆಂದರೆ ಮೆಟ್ಟಿಲ ಬಾಗಿಲಿನ ಚಿಲಕ ಹಾಕಿದ್ದು. ಕೊಪ್ಪದ ಪೇಟೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಬಾಡಿಗೆ ಮನೆ. ಹಾಡುಹಗಲು. ಆದರೂ ಆ ಚಿಲಕದ ಸದ್ದಿನಿಂದ ಗಗನಾಳಿಗೆ ಧೈರ್ಯ ಬರುವ ಬದಲು ಇದ್ದಷ್ಟೂ ಉಡುಗಿತು. ಕಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರು. ಯಾರಾದರೂ ಮೆಟ್ಟಿಲು ಹತ್ತಿ ಬಂದರೆ ಅವಳು ಓಡುವುದಾದರೂ ಹೇಗೆ?

ಆ ಪ್ಲಾಸ್ಟರಿನಿಂದಲೇ ಇಷ್ಟೆಲ್ಲ ಶುರುವಾದದ್ದು. ಗಗನಾಳ ಕೆಲಸ ನರಸಿಂಹರಾಜಪುರದಲ್ಲಿ, ಸೋಮನಾಥ್ ಎಂಬವರ ಸರ್ವೆ ಆಫೀಸಿನಲ್ಲಿ. ತೋಟದ ಮೇಲೆ ಡ್ರೋನ್ ಹಾರಿಸಿ ತೆಗೆದ ರಾಶಿ ಫೋಟೋಗಳನ್ನು ಹಿಂದಿನ ಕೋಣೆಯ ದೊಡ್ಡ ಕಂಪ್ಯೂಟರು ಜೋಡಿಸಿ, ಕೈಯಲ್ಲಿ ಹಿಡಿದು ತಿರುಗಿಸಿ ನೋಡಬಹುದಾದಂಥ ತೋಟ ಮಾಡಿಕೊಡುತ್ತದೆ. ಅದರಲ್ಲಿ ಯಾವುದು ಹಲಸು, ಯಾವುದು ನಂದಿ, ಯಾವುದು ಮತ್ತಿ ಎಂದು ಗುರುತು ಹಾಕುವುದು ಅವಳ ಪಾಲಿನದು. ಮರಗಳೆಲ್ಲ ಹೀಗೆ ನಕ್ಷೆಗೆ ಬಂದರೆ ಮುಂದೆ ಕಡಿಯುವಾಗ ತಕರಾರಿರುವುದಿಲ್ಲವೆಂದು ತೋಟದವರು ಮಾಡಿಸುತ್ತಿದ್ದರು.

ಗಂಧದ್ದು ಮಾತ್ರ ಬೇರೆಯೇ ಬಾಬತ್ತು. ಈ ಕಡೆಯವರು ತಮ್ಮ ಗಂಧದ ಮರದ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. 'ಆ ಮರ' ಎನ್ನುತ್ತಾರೆ. ನೆಂಟರಿಗೆ ತೋರಿಸುವುದಿಲ್ಲ, ಆಳುಗಳನ್ನು ಆ ಮೂಲೆಗೆ ಕಳಿಸುವುದಿಲ್ಲ. ಮೇಲಿನಿಂದ ನೋಡಿದರೆ ದೊಡ್ಡ ಮರಗಳ ಸಂದಿಯಲ್ಲಿ ಅದೂ ಒಂದು ಹಸಿರು, ಅಷ್ಟೆ. ಮಾಲೀಕರು ಗಗನಾಳಿಗೊಬ್ಬಳಿಗೆ ಫೋನಿನಲ್ಲಿ ಗುಟ್ಟಾಗಿ ಹೇಳುತ್ತಿದ್ದರು. ಅವಳು ಚಿತ್ರವನ್ನು ಓರೆಯಾಗಿಸಿ, ಎಲೆಯ ಬಣ್ಣ ನೋಡಿ ಖಾತ್ರಿ ಮಾಡಿಕೊಂಡು ಕೆಂಪು ಚುಕ್ಕಿ ಇಡುತ್ತಿದ್ದಳು.

ಸ್ಕೂಟರಿನಿಂದ ಬಿದ್ದು ಕಾಲು ಮುರಿದ ಮೇಲೆ ಮನೆಯಲ್ಲೇ ಕೂತು, ನೆಟ್ ಮೂಲಕ ಅಲ್ಲಿನ ಕಂಪ್ಯೂಟರನ್ನು ನಡೆಸುವ ಏರ್ಪಾಟಾಯಿತು. ಏರ್ಪಾಟೇನೋ ಆಯಿತು, ಚಿತ್ರ ಬರಬೇಕಲ್ಲ? ತೋಟವನ್ನು ಬಲಕ್ಕೆ ತಿರುಗಿಸಿದರೆ ಅದು ಕೆಸರಲ್ಲಿ ಹೂತ ಗಾಡಿಯ ಹಾಗೆ ಎಳೆದೆಳೆದು ತಿರುಗುತ್ತಿತ್ತು. ಶೃಂಗೇರಿಯಿಂದ ಕಂಪ್ಯೂಟರ್ ರಿಪೇರಿಯ ಯಜ್ಞೇಶ ಬಂದ. ಬಣ್ಣ ಕಡಿಮೆ ಮಾಡಿದ; ವೇಗ ಬಂತು, ಆದರೆ ಎಲ್ಲ ಎಲೆಯೂ ಒಂದೇ ಹಸಿರಾಗಿ ಕೆಲಸವೇ ಕೆಟ್ಟಿತು. ಕೊನೆಗೆ ಏನೋ ಬೇರೆ ದಾರಿ ಹಿಡಿದ. ಅಂದಿನಿಂದ ತೋಟ ನೀರಿನ ಹಾಗೆ ಸರಾಗ. ಇಂಥ ಒಳ್ಳೆಯದಾದ ಮೇಲೇ ಈ ಕೆಟ್ಟದ್ದು ಒಕ್ಕರಿಸಿತ್ತು.

ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಸದ್ದು. ಅನ್ನಮ್ಮ ಬಾಗಿಲ ಸಂದಿಯಿಂದಲೇ, "ಯಾರದು?" ಎಂದರು.

"ಫಾರೆಸ್ಟ್‌ನವರು ಕಣಮ್ಮ. ಬಾಗಿಲು ತೆಗೀರಿ. ಈ ಮೆಟ್ಟಿಲು ಇನ್ನೊಂದ್ಸಲ ಹತ್ತಕ್ಕೆ ನನ್ನ ಕೈಲಾಗಲ್ಲ."

ವಲಯ ಅರಣ್ಯಾಧಿಕಾರಿ ವೃಷಭೇಂದ್ರಪ್ಪ. ದಪ್ಪ ಮನುಷ್ಯ. ಏದುಸಿರು ಬಿಡುತ್ತ ಬಂದವರು ಕುರ್ಚಿ ಎಳೆದುಕೊಂಡು ಗಗನಾಳ ಪಕ್ಕದಲ್ಲೇ, ಪರದೆಗೆ ಎದುರಾಗಿ ಕೂತರು.

"ಮೂರೂ ಮರ ನೀವೇ ಗುರುತು ಹಾಕಿದ್ದು?"

"ಹೌದು ಸರ್."

"ಆ ನಕ್ಷೆ ಯಾರಿಗಾದರೂ ಕಳಿಸಿದ್ರಾ?"

"ಇಲ್ಲ. ಕೆಲಸ ಪೂರ್ತಿ ಆಗದೆ ಆ ಕಂಪ್ಯೂಟರಿನಿಂದ ಯಾವುದೂ ಹೊರಗೆ ಹೋಗಲ್ಲ."

"ಅಂದ್ರೆ ಜಾಗ ಗೊತ್ತಿದ್ದದ್ದು ಇಬ್ಬರಿಗೆ. ಮರದ ಯಜಮಾನರಿಗೆ, ಮತ್ತೆ ನಿಮಗೆ. ಯಜಮಾನರು ಮೂರು ಜನ, ಒಬ್ಬರಿಗೊಬ್ಬರ ಪರಿಚಯ ಇಲ್ಲ. ಮೂವರಿಗೂ ಗೊತ್ತಿರುವವರು ನೀವೊಬ್ಬರೇ." ಅವರು ಒರಟಾಗೇನೂ ಹೇಳಲಿಲ್ಲ. "ನನ್ನ ಜಾಗದಲ್ಲಿ ನೀವಿದ್ದರೆ ಯಾರನ್ನು ಹಿಡೀತಿದ್ರಿ?"

"ನನ್ನನ್ನೇ," ಎಂದಳು.

"ಅಯ್ಯೋ, ಕಾಲು ಮುರ್ಕೊಂಡು ಕೂತವಳು ಮರ ಕದೀತಾಳಾ?" ಅನ್ನಮ್ಮ ಸೌಟಿನ ಸಮೇತ ಮುಂದೆ ಬಂದರು.

"ಕದಿಯೋಕೆ ಕಾಲು ಬೇಕು. ಹೇಳಿಕೊಡೋಕೆ ಬೇಡವಲ್ಲಮ್ಮ."

ಗಗನಾಳಿಗೆ ಅಳು ಬಂತು. ಆದರೆ ಜೈಲಿನ ಭಯಕ್ಕಿಂತ ದೊಡ್ಡ ಭಯವೊಂದು ಬೆಳಗಿನಿಂದ ಒಳಗೆ ಕಾಡುತ್ತಿತ್ತು. ಅದು ಈಗ ಹೊರಗೆ ಬಂತು. "ಸರ್, ನನ್ನನ್ನು ಬೇಕಾದ್ರೆ ಹಿಡ್ಕೊಂಡು ಹೋಗಿ. ಮೊದಲು ಕಡಹಿನಬೈಲಿಗೆ ಜನ ಕಳಿಸಿ. ಅಲ್ಲಿ ನನ್ನ ದೊಡ್ಡಪ್ಪ ಗಣಪತಿಯವರ ತೋಟ. ಅವರ ಮರಕ್ಕೂ ನಾನು ಚುಕ್ಕಿ ಇಟ್ಟಿದೀನಿ. ಉಳಿದಿರೋದು ಅದೊಂದೇ. ಶೃಂಗೇರಿ ಸುದ್ದಿ ಕೇಳಿದಾಗಿನಿಂದ ಅವರು ಮರದ ಬುಡ ಬಿಟ್ಟು ಏಳ್ತಿಲ್ಲ. ಒಬ್ಬರೇ. ಕೈಯಲ್ಲೊಂದು ಕತ್ತಿ. ಅಲ್ಲಿನ ಕಾವಲುಗಾರನಿಗೆ ಆದ ಗತಿ ಅವರಿಗೂ ಆದ್ರೆ..." ಅಪ್ಪ ಸತ್ತ ಮೇಲೆ ಅವಳನ್ನು ಓದಿಸಿದ್ದು ಆ ದೊಡ್ಡಪ್ಪ. ಅವರ ತಲೆಯ ಮೇಲೆ ತಾನೇ ಚುಕ್ಕಿ ಇಟ್ಟ ಹಾಗಾಯಿತಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು.

ವೃಷಭೇಂದ್ರಪ್ಪ ಅವಳ ಮುಖವನ್ನೇ ನೋಡಿದರು. ಆಮೇಲೆ ಫೋನ್ ತೆಗೆದು ಗಾರ್ಡುಗಳಿಬ್ಬರನ್ನು ಕಡಹಿನಬೈಲಿಗೆ ಹೊರಡಲು ಹೇಳಿದರು.

"ಸರಿ. ಈಗ ಹೇಳಿ. ಆ ಕಂಪ್ಯೂಟರಿನ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?"

"ನನಗೆ, ಸೋಮನಾಥ್ ಸರ್‌ಗೆ, ಸರಿಮಾಡಿಕೊಟ್ಟ ಯಜ್ಞೇಶನಿಗೆ."

"ಆಫೀಸಿನಲ್ಲಿ ಮತ್ಯಾರು?"

"ಡ್ರೋನ್ ಹಾರಿಸೋದು ನವೀನ. ದೊಡ್ಡಪ್ಪನ ಮಗ. ನನಗೆ ಈ ಕೆಲಸ ಕೊಡಿಸಿದ್ದೂ ಅವನೇ. ಅವನಿಗೆ ಪಾಸ್‌ವರ್ಡ್ ಗೊತ್ತಿಲ್ಲ, ಬೇಕಾಗೂ ಇಲ್ಲ. ಬ್ಯಾಟರಿ ಚಾರ್ಜಿಗೆ ಹಾಕಕ್ಕೆ ಆ ಹಿಂದಿನ ಕೋಣೆಗೆ ಬರ್ತಾನೆ, ಅಷ್ಟೆ."

"ಪಾಪ, ನಿನ್ನೆ ತಾನೇ ಬಂದು ಹಣ್ಣು ಕೊಟ್ಟು ಹೋದ," ಎಂದರು ಅನ್ನಮ್ಮ. "ಅಪ್ಪನ ಚಿಂತೆ ಅವನಿಗೂ ಇದೆ. ಆದ್ರೂ ಇವಳಿಗೇ ಧೈರ್ಯ ಹೇಳಿದ. 'ಅಪ್ಪನ ಮರಕ್ಕೆ ಯಾರೂ ಬರಲ್ಲ, ಸುಮ್ಮನೆ ಹೆದರ್ಬೇಡಿ' ಅಂದ."

ಅಧಿಕಾರಿ ಹೂಂಗುಟ್ಟಿ, "ನೀವು ಕೆಲಸ ಮಾಡೋದನ್ನ ತೋರಿಸಿ," ಎಂದರು.

ಗಗನಾ ರಾಧಮ್ಮನ ತೋಟವನ್ನು ತಿರುಗಿಸಿದಳು. ವೃಷಭೇಂದ್ರಪ್ಪ ತೋಟ ನೋಡಲಿಲ್ಲ. ಪರದೆಯ ಅಂಚಿಗೆ ಬೆರಳಿಟ್ಟರು.

"ಇದೇನು, ಎಡಕ್ಕೂ ಬಲಕ್ಕೂ ಕಪ್ಪು? ಚಿತ್ರ ಪೂರ್ತಿ ತುಂಬಿಲ್ಲವಲ್ಲ?"

"ಅದಾ? ಬೇಗ ಬರಲಿ ಅಂತ ಯಜ್ಞೇಶ ಚಿತ್ರ ಚಿಕ್ಕದು ಮಾಡಿರಬೇಕು ಸರ್."

"ಅವನು ಸರಿಮಾಡಿದ ದಿನ ಇತ್ತಾ?"

ಗಗನಾ ಯೋಚಿಸಿದಳು. "ಇಲ್ಲ. ಆಗ ಪೂರ್ತಿ ಬರ್ತಿತ್ತು. ಆಮೇಲೊಂದು ದಿನದಿಂದ ಹೀಗೆ. ಮಧ್ಯೆ ಒಂದ್ಸಲ ತಾನಾಗೇ ಸರಿಯಾಗಿತ್ತು—ಆಫೀಸಿರೋ ಎನ್.ಆರ್. ಪುರದ ಕಡೆ ಜೋರು ಗುಡುಗು ಬಂದಿತ್ತಲ್ಲ, ಅವತ್ತು. ಪರದೆ ಒಂದು ಕ್ಷಣ ಕಪ್ಪಾಗಿ, ಚಿತ್ರ ಅಗಲ ಬಂತು. ಗುಡುಗು ನಿಂತ ಮೇಲೆ ಮತ್ತೆ ಪಟ್ಟಿ."

"ಗುಡುಗು ನಿಂತ ಮೇಲೆ," ಎಂದು ಅವರು ನಿಧಾನವಾಗಿ ಹೇಳಿದರು. "ಆ ಯಜ್ಞೇಶನಿಗೆ ಫೋನ್ ಹಚ್ಚಿ. ಸ್ಪೀಕರಿಗೆ ಹಾಕಿ."

ಯಜ್ಞೇಶ ಅಧಿಕಾರಿಯ ದನಿ ಕೇಳಿದವನೇ, "ನಾನೇನೂ ಮಾಡಿಲ್ಲ ಸರ್!" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರೆ. ಕಳ್ಳನಲ್ಲದವನೂ ಹೆದರಿಕೆಗೆ ಹೆಗಲು ಮುಟ್ಟಿಕೊಳ್ಳುತ್ತಾನೆ.

"ಮಾಡಿದೀಯ ಅಂತ ಯಾರಪ್ಪ ಹೇಳಿದ್ರು? ಆ ಚಿತ್ರ ಬೇಗ ಬರೋ ಹಾಗೆ ಏನು ಮಾಡಿದೆ, ಅದನ್ನ ಹೇಳು."

"ಸರ್, ಮೊದಲಿನ ಕ್ರಮದಲ್ಲಿ ಅಲ್ಲಿನ ಗ್ರಾಫಿಕ್ಸ್ ಕಾರ್ಡ್ ಕೆಲಸವೇ ಮಾಡ್ತಿರಲಿಲ್ಲ. ಅದಕ್ಕೆ ಬೇರೆ ಸಾಫ್ಟ್‌ವೇರ್ ಹಾಕಿದೆ. ಕಾರ್ಡ್ ಯಾವ ಚಿತ್ರ ಮಾಡ್ತದೋ ಅದನ್ನೇ ಹಾಗೇ ಗಗನಾ ಮೇಡಮ್ಮಿಗೆ ಕಳಿಸ್ತದೆ. ಆದ್ರೆ ಆ ಕೋಣೆಯಲ್ಲಿ ಮಾನಿಟರ್ ಇಲ್ಲ. ಮಾನಿಟರ್ ಇಲ್ದಿದ್ರೆ ಕಾರ್ಡ್ ಮಲಗಿಬಿಡ್ತದೆ. ಹೆಬ್ಬೆರಳಷ್ಟು ಒಂದು ಪ್ಲಗ್ ಸಿಗ್ತದೆ ಸರ್, ಅದನ್ನು ಹಿಂದೆ ಸಿಕ್ಕಿಸಿದ್ರೆ ಮಾನಿಟರ್ ಇದೆ ಅಂತ ಕಾರ್ಡ್ ನಂಬ್ತದೆ."

"ಆ ಪ್ಲಗ್ ಕಿತ್ತು, ಅಲ್ಲಿಗೆ ನಿಜವಾದ ಮಾನಿಟರನ್ನೇ ಸಿಕ್ಕಿಸಿದ್ರೆ?"

"ಸಿಕ್ಕಿಸಿದ್ರೆ... ಮೇಡಂ ಮನೆಯಲ್ಲಿ ಮಾಡೋದೆಲ್ಲ ಅಲ್ಲೂ ಕಾಣ್ತದೆ ಸರ್. ಹಳೇ ಕ್ರಮದಲ್ಲಿ ಅಲ್ಲಿನ ಪರದೆಗೆ ಬೀಗ ಬೀಳ್ತಿತ್ತು. ಇದರಲ್ಲಿ ಬೀಳಲ್ಲ."

"ಹಳೇ ಚೌಕ ಮಾನಿಟರ್ ಆದ್ರೆ?"

"ಮೇಡಂ ಲ್ಯಾಪ್‌ಟಾಪು ಅಗಲದ್ದು. ಎರಡು ಬದಿಗೂ ಕಪ್ಪು ಪಟ್ಟಿ ಬರ್ತದೆ." ಯಜ್ಞೇಶನ ದನಿ ಒಮ್ಮೆಲೆ ಕುಗ್ಗಿತು. "ಪಟ್ಟಿ ಬರ್ತಿದೆಯಾ ಸರ್?"

ಇಷ್ಟು ದಿನ ಆ ಕೋಣೆ ಕತ್ತಲೆಯಾಗಿದೆ, ಖಾಲಿಯಾಗಿದೆ ಎಂದೇ ಗಗನಾ ನಂಬಿದ್ದಳು. ಬಾಗಿಲು ಹಾಕಿದ ಮನೆಯಲ್ಲಿ ಒಬ್ಬಳೇ ಕೂತು ಗುಟ್ಟಿನ ಕೆಲಸ ಮಾಡುವಾಗೆಲ್ಲ, ಹೆಗಲ ಹಿಂದೆ ಒಬ್ಬರು ನಿಂತು ನೋಡಿದ ಹಾಗಾಯಿತಲ್ಲ! ಒಂದೊಂದು ಚುಕ್ಕಿ ಇಡುವಾಗಲೂ ಅಲ್ಲಿ ಒಂದು ಜೊತೆ ಕಣ್ಣು ಕಾದು ಕೂತಿತ್ತು. ಅವಳು ಕೈಯನ್ನು ಮೌಸಿನಿಂದ ಥಟ್ಟನೆ ತೆಗೆದಳು.

"ಕೈ ತೆಗೀಬೇಡಿ," ವೃಷಭೇಂದ್ರಪ್ಪ ಮೆಲ್ಲಗೆ ಹೇಳಿದರು. "ತಿರುಗಿಸ್ತಾ ಇರಿ. ನೋಡ್ತಿರೋನಿಗೆ ಅನುಮಾನ ಬರಬಾರದು."

"ಈಗಲೂ... ನೋಡ್ತಾ ಇರಬಹುದಾ ಸರ್?"

"ಇರಬಹುದು."

ಅವರು ತಮ್ಮ ಫೋನಿನಲ್ಲಿ ನರಸಿಂಹರಾಜಪುರದಲ್ಲಿದ್ದ ಇನ್ನೊಬ್ಬ ಗಾರ್ಡಿಗೆ ಸರ್ವೆ ಆಫೀಸಿಗೆ ಹೋಗಲು ಹೇಳಿ, ಮೆಲ್ಲಗೆ ಇನ್ನೂ ಏನೇನೋ ಹೇಳಿದರು. ಕರೆ ಕತ್ತರಿಸಲಿಲ್ಲ. ಗಗನಾ ತೋಟವನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಕೆಳಗೆ ಬೀದಿಯಲ್ಲಿ ಬೈಕೊಂದು ನಿಂತ ಸದ್ದಾದರೆ ಬಾಗಿಲಿನ ಚಿಲಕದ ಕಡೆ ನೋಡುತ್ತಿದ್ದಳು. ಅನ್ನಮ್ಮ ಮಗಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು.

ಥಟ್ಟನೆ ಪರದೆ ಕಪ್ಪಾಯಿತು. ಮರುಕ್ಷಣ ಚಿತ್ರ ಬಂತು. ಈ ಬದಿಯ ಅಂಚಿನಿಂದ ಆ ಬದಿಯ ಅಂಚಿನವರೆಗೆ, ಪೂರ್ತಿ ಹಸಿರು.

"ಪಟ್ಟಿ ಹೋಯ್ತು!" ಗಗನಾ ಕಿರುಚಿದಳು.

ಫೋನಿನಲ್ಲಿ ಗಾರ್ಡಿನ ದನಿ ಕೇಳಿಸಿತು. "ಸರ್, ಹಳೇ ಚೌಕ ಮಾನಿಟರ್ ಒಂದಿದೆ, ಬ್ಯಾಟರಿ ಡಬ್ಬಗಳ ಹಿಂದೆ. ಮೇಲೊಂದು ಟವೆಲ್ ಹೊದಿಸಿದಾರೆ. ಆ ಸಣ್ಣ ಪ್ಲಗ್ ಪಕ್ಕದಲ್ಲೇ ಬಿದ್ದಿತ್ತು. ನೀವು ಹೇಳಿದ ಹಾಗೆ ಅದನ್ನ ಸಿಕ್ಕಿಸಿದೆ."

"ಕೋಣೆಯಲ್ಲಿ ಯಾರಿದ್ರು?"

"ಒಬ್ಬ ಇದಾನೆ ಸರ್. ಹಿಡ್ಕೊಂಡಿದೀವಿ."

"ಹೆಸರು ಆಮೇಲೆ ಹೇಳು. ಅಲ್ಲೇ ಕೂರಿಸು." ವೃಷಭೇಂದ್ರಪ್ಪ ಫೋನ್ ಮಡಿಲಲ್ಲಿಟ್ಟುಕೊಂಡು ಗಗನಾಳ ಕಡೆ ತಿರುಗಿದರು. "ನೀರು ಕುಡೀರಿ ಮೊದಲು."

"ಸೋಮನಾಥ್ ಸರ್ರಾ?" ಅವಳು ಕೇಳಿದಳು. "ಯಜ್ಞೇಶನ ಕಡೆಯವರಾ?"

"ಯೋಚನೆ ಮಾಡಿ ನೋಡಮ್ಮ. ಪಾಸ್‌ವರ್ಡ್ ಇದ್ದವರಿಗೆ ಈ ಮಾನಿಟರಿನ ಕಷ್ಟ ಯಾಕೆ? ಸೋಮನಾಥ್ ಯಾವಾಗ ಬೇಕಾದ್ರೂ ಫೈಲ್ ತೆಗೆದು ನೋಡಬಹುದು. ಯಜ್ಞೇಶ ಶೃಂಗೇರಿಯಲ್ಲಿ ಕೂತೇ ನೋಡಬಹುದು. ಕದ್ದು ಮಾನಿಟರ್ ಸಿಕ್ಕಿಸಿದವನು ಕೋಣೆಗೆ ಬರಬಲ್ಲವನು, ಆದ್ರೆ ಕಂಪ್ಯೂಟರ್ ತೆರೆಯಲಾರದವನು."

ಗೊತ್ತಾಗಬಾರದು ಎಂದು ಗಗನಾಳ ಮನಸ್ಸು ಬಾಗಿಲು ಒತ್ತಿ ಹಿಡಿದಿತ್ತು.

"ಇನ್ನೊಂದು. ನಾನೋ ನಿಮ್ಮ ಅಮ್ಮನೋ ಆ ಪರದೆ ನೋಡಿದ್ರೆ ಬರೀ ಹಸಿರು. ಇದು ಯಾರ ತೋಟ, ಯಾವ ಮೂಲೆ ಅಂತ ಕಂಡ ತಕ್ಷಣ ಗೊತ್ತಾಗೋದು ಆ ತೋಟದ ಮೇಲೆ ಡ್ರೋನ್ ಹಾರಿಸಿದವನಿಗೆ. ಇನ್ನು ಗುಡುಗು. ಗುಡುಗಿದ ಕೂಡಲೇ ಕರೆಂಟಿನ ಪ್ಲಗ್ ಕೀಳೋದು ನಿಮ್ಮ ಕಡೆ ಹುಟ್ಟಿದವರ ಅಭ್ಯಾಸ. ಆ ಕೋಣೆಯಲ್ಲಿ ಬೆಲೆಬಾಳೋದು ದೊಡ್ಡ ಕಂಪ್ಯೂಟರು. ಅದು ಉರಿದು ಹೋದ್ರೂ ಹೋಗಲಿ ಅಂತ ಬಿಟ್ಟು, ಹಳೇ ಮಾನಿಟರನ್ನು ಮಾತ್ರ ಕಿತ್ತು, ಅಲ್ಲಿಗೆ ಆ ಸಣ್ಣ ಪ್ಲಗ್ ಸಿಕ್ಕಿಸಿ ಜೋಪಾನ ಮಾಡಿದಾನೆ. ಯಾಕೆ? ಅದು ಅವನ ಸ್ವಂತದ್ದು. ಗುಡುಗು ನಿಂತ ಮೇಲೆ ಮತ್ತೆ ಸಿಕ್ಕಿಸಿದ. ಕಳ್ಳತನದ ಮಧ್ಯೆಯೂ ಮನೆಯಲ್ಲಿ ಕಲಿತದ್ದು ಬಿಡಲಿಲ್ಲ."

"ಸರ್, ಬೇಡ," ಎಂದಳು ಗಗನಾ.

"ಕೊನೇ ಮಾತು. ದೊಡ್ಡಪ್ಪನ ಮರಕ್ಕೆ ಚುಕ್ಕಿ ಇಟ್ಟಿದ್ದು ಯಾವಾಗ?"

"ಶೃಂಗೇರಿ ಮರಕ್ಕೆ ಇಟ್ಟ ದಿನವೇ."

"ಶೃಂಗೇರಿಯದು ಹೋಯ್ತು. ಆಮೇಲೆ ಇಟ್ಟ ಮೇಗುಂದದ್ದೂ ಹೋಯ್ತು. ಕಡಹಿನಬೈಲಿನದು ಮಾತ್ರ ಯಾಕೆ ನಿಂತಿದೆ? ಅದಕ್ಕೆ ಯಾರೂ ಬರಲ್ಲ ಅಂತ ನಿನ್ನೆ ಇಲ್ಲಿ ನಿಂತು ಒಬ್ಬ ಅಷ್ಟು ಖಾತ್ರಿಯಾಗಿ ಹೇಳಿದನಲ್ಲ, ಅವನಿಗೆ ಹೇಗೆ ಗೊತ್ತು? ಮರ ಹೋದವರನ್ನೇ ಎಲ್ಲರೂ ವಿಚಾರಿಸಿದ್ವಿ. ಉಳಿದ ಮರವನ್ನು ಯಾರೂ ಕೇಳಲಿಲ್ಲ." ಅವರು ಫೋನ್ ಎತ್ತಿದರು. "ಈಗ ಹೆಸರು ಹೇಳಪ್ಪ."

"ನವೀನ ಅಂತೆ ಸರ್. ಗರಗಸದವರ ಹೆಸರೂ ಹೇಳ್ತಿದಾನೆ. ಅಳ್ತಿದಾನೆ."

ಅನ್ನಮ್ಮ ನೆಲಕ್ಕೆ ಕುಸಿದು ಕೂತರು. "ನಮ್ಮ ಮಾಣಿ ನವೀನನಾ? ಎಂಥ ಹೊಟ್ಟೆಯಲ್ಲಿ ಎಂಥದು ಹುಟ್ಟಿತಪ್ಪಾ..." ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಗನಾಳಿಗೆ ಸಿಟ್ಟು ಬರಬೇಕಿತ್ತು. ಅವನು ತನ್ನ ಬೆನ್ನ ಹಿಂದೆ ಕೂತು ತನ್ನ ಹೆಸರಿಗೆ ಮಸಿ ಬಳಿದಿದ್ದ, ಒಬ್ಬ ಮನುಷ್ಯ ಸಾವಿನ ಬಾಯಿಗೆ ಬೀಳುವ ಹಾಗೆ ಮಾಡಿದ್ದ. ಆದರೆ ಬಂದದ್ದು ಇನ್ನೊಂದು ಬಗೆಯ ಹೆದರಿಕೆ. ಇಷ್ಟು ದಿನದ ಹೆದರಿಕೆಗಳೆಲ್ಲ ಅದರ ಮುಂದೆ ಸಣ್ಣವು.

"ಕಡಹಿನಬೈಲಿಗೆ ನನ್ನ ಗಾರ್ಡುಗಳು ಇಷ್ಟೊತ್ತಿಗೆ ತಲುಪಿರ್ತಾರೆ," ವೃಷಭೇಂದ್ರಪ್ಪ ಎದ್ದು ನಿಂತರು. "ಅವರ ಬಾಯಿಂದ ಕೇಳೋದಕ್ಕಿಂತ ಮನೆಯವರು ಹೇಳೋದು ಒಳ್ಳೇದು."

ಅನ್ನಮ್ಮ ತನ್ನಿಂದಾಗದು ಎಂಬಂತೆ ತಲೆಯಾಡಿಸಿ ಗೋಡೆಯ ಕಡೆ ತಿರುಗಿದರು. ಗಗನಾ ಫೋನ್ ಹಚ್ಚಿದಳು.

"ಎಂತ ಕೂಸೆ?" ದೊಡ್ಡಪ್ಪನ ದನಿ ದಣಿದಿತ್ತು.

"ದೊಡ್ಡಪ್ಪಾ, ಇನ್ನು ಮರ ಕಾಯೋದು ಬೇಡ. ಮನೆಗೆ ಹೋಗಿ ಮಲಗಿ."

"ಕಳ್ಳ ಸಿಕ್ಕಿದನಾ?"

"ಸಿಕ್ಕಿದ."

"ಅಬ್ಬ, ಬದುಕಿದೆ ಮಾರಾಯ್ತಿ! ಯಾರಂತೆ? ಘಟ್ಟದ ಕೆಳಗಿನವರಾ?"

"ಅಲ್ಲ. ಇಲ್ಲಿಯವನೇ. ಹುಡುಗ."

ದೊಡ್ಡಪ್ಪನಿಗೆ ಮರುಕ ಬಂತು. ಅವರ ಜಾಯಮಾನವೇ ಅದು. "ಥೋ, ಯಾರ ಮನೆ ಹುಡುಗನೋ ಏನೋ. ಅವನ ಅಪ್ಪನಿಗೆ ಗೊತ್ತಾಯ್ತಂತಾ?"

"ಇಲ್ಲ ದೊಡ್ಡಪ್ಪ," ಎಂದಳು ಗಗನಾ. "ಅವರಿಗೆ ಹೇಳಲಿಕ್ಕೇ ಈಗ ಫೋನ್ ಮಾಡಿದೀನಿ."